ಮರಿಯಯ್ಯನ ಬೆಂಚು

ಮರಿಯಯ್ಯನ ವಿಷಯ ಬರೆಯಲು ಹುಣಸೂರಿನಲ್ಲಿ ನನಗಿಂತ ತಕ್ಕವನು ಇನ್ನೊಬ್ಬನಿಲ್ಲ. ಅವನನ್ನು ಮೆಚ್ಚಿಕೊಂಡವರು ಬೇಕಾದಷ್ಟು ಜನ ಇದ್ದರು. ಮೆಚ್ಚಿಕೊಂಡವರಿಗೆ ಏನು ಗೊತ್ತಿರುತ್ತದೆ, ಮಣ್ಣು? ನಾನು ಅವನನ್ನು ಕಂಡು ಹೊಟ್ಟೆ ಉರಿದುಕೊಂಡವನು. ಅವನು ಯಾವತ್ತು ಯಾವ ಅಂಗಿ ಹಾಕಿದ್ದ, ಯಾರ ಜೊತೆ ಎಷ್ಟು ನಕ್ಕ, ಅವನ ಯಾವ ಮಾತಿಗೆ ಜನ ಬಾಯಿ ಬಿಟ್ಟುಕೊಂಡು ಕೂತರು, ಎಲ್ಲವೂ ನನ್ನ ತಲೆಯಲ್ಲಿ ಇವತ್ತಿಗೂ ಹಾಗೆಯೇ ಇದೆ.

ನನ್ನ ಹೆಸರು ಚಿಕ್ಕಮಾದಯ್ಯ. ನಾನೂ ಮರಿಯಯ್ಯನೂ ಒಂದೇ ಕೇರಿಯಲ್ಲಿ, ಒಂದೇ ಗೋಡೆಯ ಆಚೆ ಈಚೆ ಹುಟ್ಟಿದವರು. ಅವನು ನನಗಿಂತ ಎಂಟು ದಿನಕ್ಕೆ ದೊಡ್ಡವನು. ಎಂಟೇ ದಿನ! ಆದರೆ ಅವನ ಅವ್ವ ಮರಮ್ಮ ಬದುಕಿರುವ ತನಕ, ನಮ್ಮ ಮರಿ ದೊಡ್ಡವನು, ಅವನು ಹೇಳಿದ ಹಾಗೆ ಕೇಳಿಕೊಂಡಿರು ಎಂದು ನನಗೆ ಬುದ್ಧಿ ಹೇಳುವುದನ್ನು ಬಿಡಲಿಲ್ಲ.

ನೋಡಲು ಅವನೇನೂ ಅಲ್ಲ. ಸಣಕಲ. ಮುಂದಿನ ಎರಡು ಹಲ್ಲುಗಳ ನಡುವೆ ಕಾಳು ಸಿಕ್ಕಿಕೊಳ್ಳುವಷ್ಟು ಸಂದು. ಮಾತಾಡುವಾಗ ನಡುವೆ ನಿಲ್ಲಿಸಿ ಸುಮ್ಮನೆ ಆಕಾಶ ನೋಡುತ್ತಿದ್ದ. ಅವನು ಮತ್ತೆ ಬಾಯಿ ತೆರೆಯುವ ತನಕ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ನಾನು ಗಡಗಡನೆ ಹತ್ತು ಮಾತು ಹೇಳುವಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಿದ್ದರು. ಇದು ಯಾವ ಸೀಮೆ ನ್ಯಾಯ, ನೀವೇ ಹೇಳಿ.

ಇಬ್ಬರಿಗೂ ಊರ ಹೊರಗಿನ ಮರದ ಡಿಪೋದಲ್ಲಿ ಕೂಲಿ. ಹೆಗ್ಗಡದೇವನಕೋಟೆಯ ಕಾಡಿನಿಂದ ಎತ್ತಿನ ಗಾಡಿಗಳಲ್ಲಿ ದಿಮ್ಮಿ ಬರುತ್ತಿದ್ದವು. ಇಳಿಸಬೇಕು, ಅಟ್ಟಿ ಹಾಕಬೇಕು, ಕೊಯ್ಯುವವರ ಹತ್ತಿರಕ್ಕೆ ಹೊತ್ತು ಹಾಕಬೇಕು. ದಿಮ್ಮಿಯ ಮುಂದಿನ ತುದಿಗೆ ಅವನು ಹೆಗಲು ಕೊಡುತ್ತಿದ್ದ, ಹಿಂದಿನ ತುದಿಗೆ ನಾನು. ಮುಂದಿನವನಿಗೆ ದಾರಿ ಕಾಣುತ್ತದೆ. ಹಿಂದಿನವನಿಗೆ ಕಾಣುವುದು ಮುಂದಿನವನ ಬೆನ್ನು. ಹತ್ತು ವರ್ಷ ನಾನು ಅವನ ಬೆನ್ನು ನೋಡಿದ್ದೇನೆ.

ಡಿಪೋದ ಎದುರಿಗೆ ಒಂದು ಕಾಫಿ ಹೋಟೆಲು ಇತ್ತು. ನಮ್ಮ ಕೇರಿಯವರು ಅದರ ಒಳಗೆ ಕಾಲಿಡುವಂತಿರಲಿಲ್ಲ. ಹೊರಗೋಡೆಯಲ್ಲಿ ಒಂದು ಗೂಡು, ಗೂಡಿನಲ್ಲಿ ನಮ್ಮ ಲೋಟಗಳು. ನಮ್ಮ ಲೋಟವನ್ನು ನಾವೇ ತೆಗೆದು ಹಿಡಿಯಬೇಕು. ಹೋಟೆಲಿನವನು ಮೇಲಿಂದ ಕಾಫಿ ಸುರಿಯುತ್ತಾನೆ. ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕುಡಿದು, ತೊಳೆದು, ಗೂಡಿನಲ್ಲಿ ಬೋರಲು ಹಾಕಿ ಹೋಗಬೇಕು. ಕಾಸು ಮಾತ್ರ ಎಲ್ಲರಷ್ಟೇ. ಮರಿಯಯ್ಯನ ಲೋಟದ ಅಂಚು ನೆಗ್ಗಿತ್ತು, ನನ್ನ ಲೋಟದ ತಳ ನೆಗ್ಗಿತ್ತು. ಅದರಿಂದಲೇ ಯಾವುದು ಯಾರದು ಎಂದು ತಿಳಿಯುತ್ತಿತ್ತು. ಕಾಫಿ ಕುಡಿಯುವುದೆಂದರೆ ಹೀಗೆಯೇ ಎಂದು ನಾವು ಅಂದುಕೊಂಡಿದ್ದೆವು.

ಜರ್ಮನಿ ಯುದ್ಧ ಶುರುವಾಗಿ ಮೂರು ನಾಲ್ಕು ವರ್ಷವಾಗಿತ್ತು. ಪೆಟ್ರೋಲು ಸಿಗುತ್ತಿರಲಿಲ್ಲ. ಮಿಲಿಟರಿಯವರಿಗೆ ಮರ ಮಾತ್ರ ಎಷ್ಟು ಕೊಟ್ಟರೂ ಸಾಲದು. ನಮ್ಮ ಕಂಟ್ರಾಕ್ಟರು ಒಂದು ಇದ್ದಿಲು ಲಾರಿ ತಂದರು. ಲಾರಿಯ ಪಕ್ಕಕ್ಕೆ ಆಳೆತ್ತರದ ಕಬ್ಬಿಣದ ಡಬ್ಬ ಕಟ್ಟಿದ್ದರು. ಅದಕ್ಕೆ ಇದ್ದಿಲು ತುಂಬಿ, ಕೆಂಡ ಮಾಡಿ, ಕೈಯಿಂದ ಗಾಳಿಚಕ್ರ ತಿರುಗಿಸಿ ತಿರುಗಿಸಿ ಹೊಗೆ ಎಬ್ಬಿಸಿದರೆ ಆ ಹೊಗೆಯಲ್ಲೇ ಇಂಜಿನು ಓಡುತ್ತಿತ್ತು. ದಾರಿಯುದ್ದಕ್ಕೂ ಬೆಂಕಿ ನೋಡಿಕೊಳ್ಳಲು ಒಬ್ಬ ಆಳು ಬೇಕು. ಸೋಮವಾರ ಹೊರಟು, ಬೆಂಗಳೂರಿನಲ್ಲಿ ಮಿಲಿಟರಿಯವರಿರುವ ದಂಡಿನಲ್ಲಿ ಮರ ಇಳಿಸಿ, ಬುಧವಾರ ವಾಪಸು.

ಡ್ರೈವರು ಅಬ್ದುಲ್ ಅಜೀಜ್ ಸಾಬರು ಡಿಪೋಗೆ ಬಂದು ಆಳು ಆರಿಸಿದ ದಿನ ನಾನು ನಾದಿನಿಯ ಮದುವೆಗೆಂದು ರಾವಂದೂರಿಗೆ ಹೋಗಿದ್ದೆ. ಹೆಂಡತಿ ಭದ್ರಮ್ಮನ ತಂಗಿಯ ಮದುವೆ, ಹೋಗದೆ ಇರಲು ಆಗುತ್ತದೆಯೇ? ಮೂರನೆಯ ದಿನ ತಿರುಗಿ ಬಂದರೆ ದಿಮ್ಮಿಯ ಮುಂದಿನ ತುದಿಗೆ ಡಿಪೋದ ಇನ್ನೊಬ್ಬ ಕೂಲಿ ಸಣ್ಣಬೀರಯ್ಯ ಹೆಗಲು ಕೊಟ್ಟುಕೊಂಡು ನಿಂತಿದ್ದ. ಮರಿಯಯ್ಯ ಎಲ್ಲಿ ಎಂದರೆ, ಲಾರಿ ಮೇಲೆ ಕೂತು ಬೆಂಗಳೂರಿಗೆ ಹೋದ ಎಂದ. ಅವತ್ತು ನಾನು ಡಿಪೋದಲ್ಲಿ ಇದ್ದಿದ್ದರೆ ಆ ಜಾಗ ನನ್ನದೇ. ಬೆಂಕಿ ಹಚ್ಚುವುದರಲ್ಲಿ ಅವನಿಗಿಂತ ನಾನು ಯಾವುದರಲ್ಲಿ ಕಮ್ಮಿ? ಈ ಮಾತನ್ನು ಒಂದು ತಿಂಗಳು ಭದ್ರಮ್ಮನಿಗೆ ಹೇಳಿದೆ. ಅವಳು ಕೊನೆಗೆ, ಹೋಗಿ ಅಜೀಜ್ ಸಾಬರಿಗೇ ಹೇಳು, ನನ್ನ ತಲೆ ತಿನ್ನಬೇಡ ಎಂದಳು.

ಆ ಮೊದಲ ಬುಧವಾರ ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಮರಿಯಯ್ಯ ಮೈಯೆಲ್ಲ ಮಸಿ ಮಾಡಿಕೊಂಡು ಬಂದ. ಕೇರಿಯ ಹೊಂಗೆಮರದ ಕೆಳಗೆ ಜನ ಸೇರಿದರು. ಅವನು ವಿಧಾನಸೌಧದ ಹಾಗೆ ದೊಡ್ಡ ದೊಡ್ಡ ಕಟ್ಟಡ ಕಂಡೆ ಎನ್ನಲು ಆಗಿನ್ನೂ ಅದನ್ನು ಕಟ್ಟಿರಲಿಲ್ಲ. ಕಟ್ಟಿದ್ದರೂ ಅವನು ಅದರ ಸುದ್ದಿ ಹೇಳುತ್ತಿರಲಿಲ್ಲ. ಅವನು ಹೇಳಿದ್ದು ತಿಂದದ್ದರ ಸುದ್ದಿ.

ದಂಡಿನ ಮಾರ್ಕೆಟ್ಟಿನ ಹತ್ತಿರ ಗಯಾಸುದ್ದೀನ್ ಎಂಬುವವರ ಅಂಗಡಿಯಂತೆ. ಅಜೀಜ್ ಸಾಬರ ತಂಗಿ ರಜಿಯಾ ಬೇಗಂ ಅವರ ಗಂಡನಂತೆ. ತಗಡಿನ ಸೂರು, ಮುಂದೆ ಗಾಡಿಚಕ್ರದಷ್ಟು ಅಗಲದ ಕಾವಲಿ. ಸಣ್ಣಗೆ ಕೊಚ್ಚಿದ ಬಾಡಿನ ಕೈಮಾವನ್ನು ಉಂಡೆ ಮಾಡಿ, ಅಂಗೈಯಲ್ಲಿ ತಟ್ಟಿ ಬಿಲ್ಲೆ ಮಾಡಿ, ಕಾವಲಿ ಮೇಲೆ ಚುಯ್ ಎಂದು ಹಾಕುತ್ತಾರಂತೆ. ಬನ್ನನ್ನು ಅಡ್ಡಕ್ಕೆ ಸೀಳಿ ಅದೇ ಕೊಬ್ಬಿನಲ್ಲಿ ಬೆಚ್ಚಗೆ ಮಾಡಿ, ನಡುವೆ ಬಿಲ್ಲೆ ಇಟ್ಟು, ಈರುಳ್ಳಿ ಚಕ್ರ ಇಟ್ಟು, ಟೊಮೇಟೊ ಹಣ್ಣಿನ ಕೆಂಪು ರಸ ಬಳಿದು ಮುಚ್ಚಿ ಕೊಡುತ್ತಾರಂತೆ. ಸೋಲ್ಜರುಗಳು ಅದಕ್ಕೆ ಬರ್ಗರು ಅನ್ನುತ್ತಾರಂತೆ. ಅಮೆರಿಕದ ಸೋಲ್ಜರೇ ಗಯಾಸುದ್ದೀನರಿಗೆ ಮಾಡುವುದನ್ನು ಹೇಳಿಕೊಟ್ಟನಂತೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವನು ನಿಲ್ಲಿಸಿ ಆಕಾಶ ನೋಡಿದ. ಆಮೇಲೆ ನಿಧಾನವಾಗಿ ಹೇಳಿದ.

"ಅಲ್ಲಿ ಒರಗೆ ಕೂರ್ಸಾಕಿಲ್ಲ ಕಣ್ರಪ್ಪ. ಎಲ್ರುಗೂ ಅದೇ ಬೆಂಚು, ಅದೇ ತಟ್ಟೆ."

ಬಾಗಿಲಿನಿಂದ ಮೂರನೆಯ ಬೆಂಚು, ಕಂಬದ ಪಕ್ಕ, ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಅದೇ ತನ್ನ ಜಾಗ ಎಂದ. ಆ ತುದಿಗೆ ಎಮ್ಮೆಯಂಥ ಬಿಳಿ ಸೋಲ್ಜರು ಕೂತಿದ್ದನಂತೆ, ಈ ತುದಿಗೆ ಇವನು. ಸೋಲ್ಜರು ತಿಂದು ಎದ್ದದ್ದೇ ತಡ, ಬೆಂಚು ಏತದ ಹಾಗೆ ಎದ್ದು ಇವನು ಬನ್ನಿನ ಸಮೇತ ಕೆಳಗೆ ಬಿದ್ದನಂತೆ. ಸೋಲ್ಜರೇ ಕೈಹಿಡಿದು ಎಬ್ಬಿಸಿದನಂತೆ. ಕೇರಿಗೆ ಕೇರಿಯೇ ಬಿದ್ದು ಬಿದ್ದು ನಕ್ಕಿತು. ಭದ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಮದುವೆಯಾಗಿ ಆರು ವರ್ಷದಲ್ಲಿ ನನ್ನ ಯಾವ ಮಾತಿಗೂ ಅವಳು ಹಾಗೆ ನಕ್ಕವಳಲ್ಲ. ನನಗೆ ಮೈ ಪರಚಿಕೊಳ್ಳುವಂತಾಯಿತು.

ಆಮೇಲೆ ಪ್ರತಿ ಬುಧವಾರ ಇದೇ ಪಾಡು. ಮರಿಯಯ್ಯನ ಬೆಂಚು, ಮರಿಯಯ್ಯನ ಬನ್ನು. ಅವನ ಜಾಗದಲ್ಲಿ ಒಬ್ಬ ಪೋಲೀಸಿನವನು ಕೂತಿದ್ದನಂತೆ, ಇವನನ್ನು ಕಂಡು ಸರಿದು ಜಾಗ ಕೊಟ್ಟನಂತೆ. ಕೇರಿಯ ಮುದುಕ ದಾಸಯ್ಯ, ಆ ಬೆಂಚು ಹಲಸಿನ ಮರದ್ದೋ ಮತ್ತಿಯದ್ದೋ ಎಂದು ಕೇಳಿ, ಮತ್ತಿಯದ್ದು ಎಂದು ತಿಳಿದುಕೊಂಡ. ಭದ್ರಮ್ಮ ಒಂದು ದಿನ ಮುದ್ದೆಯನ್ನು ಎರಡು ಹೋಳು ಮಾಡಿ, ನಡುವೆ ಹುರುಳಿಕಾಳಿನ ಪಲ್ಯ ಇಟ್ಟು ನನ್ನ ತಟ್ಟೆಗೆ ಹಾಕಿ, ಮರಿಯಣ್ಣ ತಿನ್ನುವ ಹಾಗೆ ತಿನ್ನು ಎಂದಳು. ನಾನು ಅವತ್ತು ಉಣ್ಣದೆ ಎದ್ದೆ. ಹಸಿವಿನಿಂದ ಡಿಪೋದಲ್ಲಿ ತಲೆ ಸುತ್ತಿತು. ಅದೂ ಅವನ ಲೆಕ್ಕಕ್ಕೇ.

ಸುಮ್ಮನಿರಲಿಲ್ಲ ನಾನು. ಕೊಡಗಿನ ಕಾಫಿ ತೋಟದ ದೊರೆಗಳಿಗೆ ಬ್ರೆಡ್ಡು ಮಾಡಿಕೊಡುವ ಬೇಕರಿಯೊಂದು ಮಡಿಕೇರಿ ರಸ್ತೆಯಲ್ಲಿತ್ತು. ಅಲ್ಲಿಂದ ನಾಲ್ಕು ಬನ್ನು ತಂದೆ. ಭಾನುವಾರ ಬಾಡು ಮಾಡಿಸಿದೆ. ಕೈಮಾ ಹೇಗೆ ಮಾಡುವುದೋ ನಮಗೆ ತಿಳಿಯದು. ಭದ್ರಮ್ಮ ಎಂದಿನ ಹಾಗೆ ಸಾರು ಮಾಡಿದಳು. ಹೊಂಗೆಮರದ ಕೆಳಗೆ ಎಲ್ಲರ ಎದುರು ಕೂತು ಬನ್ನು ಸೀಳಿ, ತುಂಡು ತುಂಬಿ, ಎರಡು ಕೈಯಲ್ಲಿ ಹಿಡಿದು ಕಚ್ಚಿದೆ. ಸಾರು ಹೀರಿಕೊಂಡಿದ್ದ ಬನ್ನು ಕೈಯಲ್ಲೇ ಕರಗಿ ಮೊಣಕೈವರೆಗೆ ಹರಿಯಿತು. ಮೂಳೆಯೊಂದು ತೊಡೆ ಮೇಲೆ ಬಿತ್ತು, ನಾಯಿ ಬಂದು ಎತ್ತಿಕೊಂಡು ಹೋಯಿತು. ಜನ ನಕ್ಕರು. ಮರಿಯಯ್ಯ ಮಾತ್ರ ನಗಲಿಲ್ಲ. ಮೊದಲ ಸಲ ನನಗೂ ಹಾಗೆಯೇ ಆಗಿತ್ತು ಎಂದ. ಅವನು ನಕ್ಕಿದ್ದರೆ ಅವತ್ತೇ ನಾಲ್ಕು ಬೈದು ಹಗುರಾಗುತ್ತಿದ್ದೆ. ಅದಕ್ಕೂ ಅವಕಾಶ ಕೊಡಲಿಲ್ಲ ಆಸಾಮಿ.

ನನಗೆ ಬನ್ನು ಬೇಕಿರಲಿಲ್ಲ, ನಿಜ ಹೇಳುತ್ತೇನೆ. ಆ ಬೆಂಚು ಬೇಕಿತ್ತು. ಹೋಟೆಲಿನ ಹೊರಗೆ ಚರಂಡಿ ಪಕ್ಕ ಕೂತು ಲೋಟ ಎತ್ತುವಾಗೆಲ್ಲ, ಈ ಹೊತ್ತಿಗೆ ಅವನು ಅಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿರುತ್ತಾನೆ ಅನ್ನಿಸುತ್ತಿತ್ತು. ಒಂದೇ ಗೋಡೆಯ ಆಚೆ ಈಚೆ ಹುಟ್ಟಿದವರು ನಾವು. ಎಂಟು ದಿನದ ಹಿರಿತನಕ್ಕೆ ಅವನಿಗೆ ಬೆಂಚು, ನನಗೆ ಚರಂಡಿಯೇ?

ಒಂದು ವರ್ಷ ತಡೆದೆ. ಆಮೇಲೊಂದು ದಿನ ಕಂಟ್ರಾಕ್ಟರು ಡಿಪೋದ ಜಗಲಿಯಲ್ಲಿ ಒಬ್ಬರೇ ಕೂತು ಎಲೆಅಡಿಕೆ ಹಾಕುತ್ತಿದ್ದಾಗ ಹತ್ತಿರ ಹೋಗಿ ಕೈಕಟ್ಟಿ ನಿಂತೆ.

"ಮರಿಯಯ್ಯ ದಾರೀಲಿ ಇದ್ದಿಲು ಮಾರ್ಕತಾವ್ನೆ ಬುದ್ಧಿ," ಎಂದೆ.

ನೋಡಿದ್ದೀಯಾ ಎಂದು ಕೇಳಿದರು. ನೋಡಿದ್ದೇನೆ ಎಂದೆ. ಎಲ್ಲಿ ನೋಡಿದೆ, ಯಾವಾಗ ನೋಡಿದೆ ಎಂದು ಕೇಳಿದರೆ ಹೇಳಲು ನಾಲ್ಕು ಸುಳ್ಳು ಜೋಡಿಸಿಕೊಂಡು ಹೋಗಿದ್ದೆ. ಅವರು ಕೇಳಲೇ ಇಲ್ಲ. ನಮ್ಮಂಥವರ ಮೇಲಿನ ದೂರಿಗೆ ಸಾಕ್ಷಿ ಯಾಕೆ ಬೇಕು? ಎಲೆಅಡಿಕೆ ಉಗಿದು, ಹಾಗಾದರೆ ನೀನೇ ಹೋಗು ಎಂದರು. ಬೆಂಕಿಯ ಕೆಲಸ ಕಲಿಯದವನನ್ನು ಕರೆದುಕೊಂಡು ಹೋಗಲಾರೆ ಎಂದು ಅಜೀಜ್ ಸಾಬರು ಹಟ ಹಿಡಿದದ್ದರಿಂದ, ಒಂದು ಸಲ ಮಾತ್ರ ಇಬ್ಬರೂ ಹೋಗುವುದು, ಮರಿಯಯ್ಯ ನನಗೆ ಕೆಲಸ ಕಲಿಸಿಕೊಟ್ಟು ಡಿಪೋಗೆ ವಾಪಸಾಗುವುದು ಎಂದು ಗೊತ್ತಾಯಿತು.

ಅವನು ಬಂದು ಜಗಳಾಡುತ್ತಾನೆ ಎಂದು ಎರಡು ದಿನ ಕಾದೆ. ಅವನು ಗೋಡೆಯ ಮೇಲಿಂದ ಮುಖ ಹಾಕಿ, ಸೋಮವಾರ ಬೇಗ ಎದ್ದಿರು, ಹಳೇ ಬಟ್ಟೆ ಹಾಕಿಕೋ, ಕಿಡಿ ಹಾರುತ್ತದೆ ಎಂದು ಹೇಳಿ ಹೋದ.

ದಾರಿಯಲ್ಲಿ ಎಲ್ಲವನ್ನೂ ಹೇಳಿಕೊಟ್ಟ. ಇದ್ದಿಲು ಎಷ್ಟು ದಪ್ಪ ಒಡೆಯಬೇಕು, ಹೊಗೆಗೆ ಕಡ್ಡಿ ಗೀರಿ ಹಿಡಿದರೆ ಯಾವ ಬಣ್ಣದ ಉರಿ ಬರಬೇಕು, ಬೂದಿ ಯಾವಾಗ ಎಳೆಯಬೇಕು, ಏರು ಬಂದಾಗ ಇಳಿದು ಎಷ್ಟು ಜೋರಾಗಿ ಚಕ್ರ ತಿರುಗಿಸಬೇಕು. ಒಂದನ್ನೂ ಬಚ್ಚಿಡಲಿಲ್ಲ. ಬಚ್ಚಿಟ್ಟಿದ್ದರೆ ಬೈಯಲು ನನಗೊಂದು ಕಾರಣ ಸಿಗುತ್ತಿತ್ತು. ಶ್ರೀರಂಗಪಟ್ಟಣದ ಹತ್ತಿರ ಡಬ್ಬದ ಬಾಗಿಲು ತೆಗೆಯುವಾಗ ನನ್ನ ಕೈ ಸುಟ್ಟಿತು. ತನ್ನ ತಲೆಯ ವಸ್ತ್ರ ಹರಿದು ಕಟ್ಟಿದ.

ಮಾರನೆಯ ದಿನ ದಂಡಿನಲ್ಲಿ ಮರ ಇಳಿಸಿ ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಅಜೀಜ್ ಸಾಬರು ಲಾರಿ ನಿಲ್ಲಿಸಿ, ನೀವು ಅಂಗಡಿಯಲ್ಲಿ ತಿನ್ನಿ, ನಾನು ತಂಗಿಯನ್ನು ನೋಡಿ ಬರುತ್ತೇನೆ ಎಂದು ಹಿಂಬದಿಯ ಮನೆಗೆ ಹೋದರು. ಅಲ್ಲಿಂದ ಕೂಗಳತೆಯ ದೂರ ಅಂಗಡಿ. ನಾನು ಬಿರಬಿರನೆ ನಡೆದೆ. ಮರಿಯಯ್ಯನ ಕಾಲು ಏಳುತ್ತಿರಲಿಲ್ಲ. ಬಿಸಿಲು ಜಾಸ್ತಿ, ಕಾಗದದಲ್ಲಿ ಕಟ್ಟಿಸಿಕೊಂಡು ಬಂದು ಲಾರಿಯ ನೆರಳಿನಲ್ಲೇ ತಿನ್ನೋಣ ಎಂದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅದನ್ನೇ ಹೇಳಿದ. ಓಹೋ, ಕೊನೆಯ ದಿನವೂ ತನ್ನ ಬೆಂಚನ್ನು ನನಗೆ ಬಿಟ್ಟುಕೊಡಲು ಇವನಿಗೆ ಹೊಟ್ಟೆಯುರಿ ಎಂದುಕೊಂಡೆ. ಖುಷಿಯಾಯಿತು. ಅವನಿಗೂ ಹೊಟ್ಟೆ ಎಂಬುದೊಂದು ಇದೆಯಲ್ಲ ಎಂದು.

ಅಂಗಡಿ ಅವನು ಹೇಳಿದ ಹಾಗೆಯೇ ಇತ್ತು. ತಗಡಿನ ಸೂರು, ದೊಡ್ಡ ಕಾವಲಿ, ಖಾಕಿ ಬಟ್ಟೆಯ ಸೋಲ್ಜರುಗಳು, ಮಾರ್ಕೆಟ್ಟಿನ ಹಮಾಲಿಗಳು, ಕುದುರೆಗಾಡಿಯವರು. ನಾನು ಹೊಸಿಲಿನಲ್ಲಿ ಒಂದು ಗಳಿಗೆ ನಿಂತೆ. ಆಮೇಲೆ, ಮರಿಯಯ್ಯ ಕೂತ ಜಾಗದಲ್ಲಿ ನಾನು ಯಾಕೆ ಕೂರಬಾರದು ಎಂದು ಒಳಗೆ ನುಗ್ಗಿದೆ. ಬಾಗಿಲಿನಿಂದ ಮೂರನೆಯ ಬೆಂಚು, ಕಂಬದ ಪಕ್ಕ. ಹೋಗಿ ಕೂತೇ ಬಿಟ್ಟೆ. ಯಾರೂ ತಲೆ ಎತ್ತಿ ನೋಡಲಿಲ್ಲ. ಪಕ್ಕದ ಗಾಡಿಯವನು ತಿನ್ನುತ್ತಲೇ ಸ್ವಲ್ಪ ಸರಿದ.

ಗಾಳಿ ಬರುತ್ತಿರಲಿಲ್ಲ. ಕಂಬದ ಪಕ್ಕ ಗೋಡೆ ಇತ್ತು, ಗಾಳಿ ಎಲ್ಲಿಂದ ಬರಬೇಕು? ಬಗ್ಗಿ ಬೆಂಚಿನ ಕೆಳಗೆ ನೋಡಿದೆ. ಅದರ ಕಾಲುಗಳನ್ನು ನೆಲದಲ್ಲಿ ಹೂತಿದ್ದರು. ಆನೆ ಕೂತು ಎದ್ದರೂ ಅದು ಏಳುವ ಬೆಂಚಲ್ಲ.

ತಿರುಗಿ ನೋಡಿದರೆ ಮರಿಯಯ್ಯ ಇನ್ನೂ ಹೊಸಿಲಿನ ಆಚೆಯೇ ನಿಂತಿದ್ದ. ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೆಲ ನೋಡಿಕೊಂಡು. ಹುಣಸೂರಿನ ಹೋಟೆಲಿನ ಮುಂದೆ ನಾವು ನಿಲ್ಲುವುದು ಹಾಗೆಯೇ.

ಕಾವಲಿಯ ಹಿಂದಿದ್ದ ಗಯಾಸುದ್ದೀನರು ಕೈ ಒರೆಸಿಕೊಂಡು ಬಂದರು. ನೀವು ಹುಣಸೂರಿನವರೇ, ಇವರ ದೋಸ್ತೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ.

"ನೀವಾದರೂ ಅವರಿಗೆ ಹೇಳಿ. ಒಂದು ವರ್ಷದಿಂದ ಕರೀತಾ ಇದ್ದೀನಿ, ಒಳಗೆ ಬರೋದೇ ಇಲ್ಲ. ಹಿಂದೆ ನಲ್ಲಿ ಹತ್ರ ಕೂತು ತಿಂತಾರೆ, ತಟ್ಟೆ ತೊಳೆದು ಗೋಡೇಲಿ ಇಟ್ಟು ಹೋಗ್ತಾರೆ. ಇಲ್ಲಿ ಯಾರೂ ಯಾರನ್ನೂ ಕೇಳಲ್ಲ. ಯಾಕೆ ಹಾಗೆ ಮಾಡ್ತಾರೆ, ನನಗಂತೂ ಗೊತ್ತಾಗಲಿಲ್ಲ."

ನನಗೆ ಗೊತ್ತಾಯಿತು. ಎದ್ದು ಅಂಗಡಿಯ ಹಿಂದಕ್ಕೆ ಹೋಗಿ ನೋಡಿದೆ. ನಲ್ಲಿಯ ಮೇಲೆ ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದು ಗೂಡಾಗಿತ್ತು. ಗೂಡಿನಲ್ಲಿ ಒಂದು ತಗಡಿನ ತಟ್ಟೆ, ಬೂದಿ ಹಾಕಿ ಉಜ್ಜಿ ಬೆಳ್ಳಗೆ ಮಾಡಿದ್ದು, ಬೋರಲಾಗಿ ಇತ್ತು. ಯಾರೂ ಹೊರಗೆ ಕೂರು ಎನ್ನಲಿಲ್ಲ, ಯಾರೂ ತಟ್ಟೆ ಬೇರೆ ಇಡು ಎನ್ನಲಿಲ್ಲ. ಬಂದ ಮೊದಲ ದಿನವೇ ತಾನಾಗಿ ಹಿಂದಕ್ಕೆ ಹೋಗಿ, ತಾನಾಗಿ ಗೂಡು ಹುಡುಕಿಕೊಂಡಿದ್ದಾನೆ, ಪೆದ್ದ.

ನನಗೆ ಮೊದಲು ಬಂದದ್ದು ಸಂತೋಷ. ಇದನ್ನು ಮುಚ್ಚಿಟ್ಟು ನನಗೇನು ಆಗಬೇಕು? ಸಿಕ್ಕಿಬಿದ್ದ ಎಂದುಕೊಂಡೆ. ಬುಧವಾರ ಹೊಂಗೆಮರದ ಕೆಳಗೆ ನಿಂತು ಇದನ್ನು ಹೇಳುತ್ತೇನೆ, ಬೆಂಚಿನ ಕಾಲು ಹೂತಿರುವುದನ್ನೂ ಹೇಳುತ್ತೇನೆ, ಭದ್ರಮ್ಮ ಯಾರನ್ನು ನೋಡಿ ನಗುತ್ತಾಳೋ ನೋಡೋಣ ಎಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ. ಜೋಡಿಸುತ್ತಾ ಜೋಡಿಸುತ್ತಾ ಆ ಮಾತುಗಳೇ ನನ್ನ ಕಡೆಗೆ ತಿರುಗಿದವು. ಒಂದು ವರ್ಷ ನಾನು ಉರಿದದ್ದು ಏನಕ್ಕೆ? ಇಲ್ಲದ ಬೆಂಚಿಗೆ. ಕಳ್ಳ ಎಂದು ದೂರಿ ನಾನು ಕಿತ್ತುಕೊಂಡದ್ದು ಏನನ್ನು? ನಲ್ಲಿಯ ಪಕ್ಕದ ಈ ಕಲ್ಲನ್ನು. ಎಂಥ ಸಿಟ್ಟು ಬಂತೆಂದರೆ, ಅವನ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. ಮುಂದಕ್ಕೆ ಬಂದು ಅವನ ರಟ್ಟೆ ಹಿಡಿದು ಎಳೆದೆ.

"ಬಾರ್ಲಾ ಒಳೀಕೆ. ಕೂತ್ಕ."

ಎಳೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದೆ. ಅವನು ತುದಿಯಲ್ಲಿ, ಎದ್ದು ಓಡಲು ಸಿದ್ಧವಾಗಿರುವವನ ಹಾಗೆ ಕೂತ. ಗಯಾಸುದ್ದೀನರು ಎರಡು ತಟ್ಟೆ ತಂದಿಟ್ಟರು. ಕಚ್ಚಿದೆ. ಬನ್ನಿನ ಅಂಚು ಗರಿ, ಒಳಗೆ ಮೆತ್ತಗೆ, ಕೈಮಾದಲ್ಲಿ ಮೆಣಸಿನ ಖಾರ, ಈರುಳ್ಳಿಯ ರಸ. ರುಚಿಯ ವಿಷಯದಲ್ಲಿ ಅವನು ಒಂದು ಚೂರೂ ಸುಳ್ಳು ಹೇಳಿರಲಿಲ್ಲ. ಇನ್ನಷ್ಟು ಸಿಟ್ಟು ಬಂತು.

ಅವನು ಅರ್ಧ ತಿಂದು, ತಟ್ಟೆ ನೋಡುತ್ತಲೇ ಮೆಲ್ಲಗೆ ಮಾತಾಡಿದ.

"ಇದ್ದಿಲು ಮಾರ್ಕತೀನಿ ಅಂತ ಯೋಳ್ದೋನು ನೀನೇ ಅಂತ ಗೊತ್ತು ಕಣ್ಲಾ ಚಿಕ್ಮಾದ. ಅಜೀಜ್ ಸಾಬ್ರು ಯೋಳುದ್ರು."

ನಾನು ಕೈಯಲ್ಲಿದ್ದ ಬನ್ನನ್ನು ತಟ್ಟೆಗೆ ಇಳಿಸಿದೆ.

"ನಿನ್ ಸುಳ್ಳ ನಾನು ಯಾರ್ಗೂ ಯೋಳಾಕಿಲ್ಲ," ಎಂದ. "ನನ್ ಸುಳ್ಳ ನೀನೂ ಯೋಳ್ಬ್ಯಾಡ. ದಾಸಯ್ಯ ಆ ಬೆಂಚು ಯಾವ್ ಮರದ್ದು ಅಂತ ಕೇಳ್ದ ನೋಡು. ಅವ್ನು ಕೇಳ್ದ ಮ್ಯಾಲೆ ನಾನು ಇಲ್ಲ ಅನ್ನಾದು ಎಂಗೆ?"

ನಾನು ಬೈಗುಳಕ್ಕೆ ಕಾದೆ, ಕಾಯುತ್ತಲೇ ಇದ್ದೆ. ಅವನು ನಿಧಾನವಾಗಿ ತಿಂದು ಮುಗಿಸಿದ. ತಿನ್ನುತ್ತಾ ತಿನ್ನುತ್ತಾ ಬೆಂಚಿನ ಹಿಂದಕ್ಕೆ ಸರಿದು ಸರಿಯಾಗಿ ಕೂತಿದ್ದ. ಮುಗಿದದ್ದೇ ತಡ, ಅಭ್ಯಾಸಬಲದಿಂದ ತಟ್ಟೆ ಹಿಡಿದುಕೊಂಡು ಎದ್ದ. ಗಯಾಸುದ್ದೀನರು ಅವನ ಕೈಯಿಂದ ಅದನ್ನು ತೆಗೆದುಕೊಂಡು, ನನ್ನದನ್ನೂ ಸೋಲ್ಜರುಗಳದನ್ನೂ ಸೇರಿಸಿ, ಎಲ್ಲವನ್ನೂ ಒಂದೇ ತೊಟ್ಟಿಗೆ ಮುಳುಗಿಸಿದರು. ಮರಿಯಯ್ಯ ತೊಟ್ಟಿಯ ಮುಂದೆ ನಿಂತು ನೋಡಿದ. ತಟ್ಟೆಗಳು ಒಂದರೊಳಗೊಂದು ಸೇರಿಕೊಂಡು, ಅವನದು ಯಾವುದು ಎಂದು ತಿಳಿಯದ ಹಾಗಾಗಿತ್ತು. ಅಜೀಜ್ ಸಾಬರು ಹಾರನ್ ಹೊಡೆದು ಕರೆಯುವ ತನಕ ಅವನು ಅಲ್ಲಿಂದ ಕದಲಲಿಲ್ಲ.

ಬುಧವಾರ ಕೇರಿಗೆ ಬಂದಾಗ ಜನ ಸೇರಿದರು. ಭದ್ರಮ್ಮ ಮುಂದೆ ಬಂದು, ಮರಿಯಣ್ಣ ಹೇಳುವ ಹಾಗೆಯೇ ಇದೆಯಾ ಎಂದು ಕೇಳಿದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಜೀವಮಾನದಲ್ಲಿ ಮೊದಲ ಸಲ ನನ್ನ ಮಾತಿಗೆ ಜನ ಕಾದಿದ್ದರು. ಮರಿಯಯ್ಯ ಹಿಂದೆ ನಿಂತು ಮಸಿ ಕೈಯನ್ನು ಪಂಚೆಗೆ ಒರೆಸುತ್ತಿದ್ದ. ಅವನು ಹೇಳಿದ್ದು ಕಮ್ಮಿಯೇ ಎಂದೆ. ಬೆಂಚು ಮತ್ತಿ ಮರದ್ದು ಎಂದೂ ಸೇರಿಸಿದೆ. ದಾಸಯ್ಯ ಸಮಾಧಾನದಿಂದ ತಲೆಯಾಡಿಸಿದ.

ಮುಂದಿನ ವಾರದಿಂದ ಲಾರಿಯ ಮೇಲೆ ನಾನೊಬ್ಬನೇ. ಪ್ರತಿ ವಾರ ಆ ಬೆಂಚಿನಲ್ಲಿ ಕೂತೆ, ತಿಂದೆ, ಬುಧವಾರ ಬಂದು ಹೊಂಗೆಮರದ ಕೆಳಗೆ ಹೇಳಿದೆ. ಸೋಲ್ಜರು ಎದ್ದು ಬೆಂಚು ಏತವಾದ ಕತೆಯನ್ನು ನನ್ನದೆಂದು ಮಾಡಿಕೊಂಡು ಇನ್ನೂ ಜೋರಾಗಿ ಹೇಳಿದೆ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ದೊಡ್ಡದಾಗಿ ನಕ್ಕವನು ಮರಿಯಯ್ಯನೇ. ನಾನು ಹೇಳುತ್ತಾ ಹೇಳುತ್ತಾ ಅವನ ಮುಖವನ್ನೇ ನೋಡುತ್ತಿದ್ದೆ. ಎಲ್ಲಾದರೂ ಒಂದು ಎಳೆ ಹೊಟ್ಟೆಕಿಚ್ಚು ಕಾಣುತ್ತದೆಯೇ ಎಂದು ಹುಡುಕುತ್ತಿದ್ದೆ. ಒಂದೇ ಒಂದು ಸಲ ಅವನು ಉರಿದುಕೊಂಡಿದ್ದರೆ ನಾನು ಮಾಡಿದ್ದರ ಭಾರ ಅರ್ಧ ಇಳಿಯುತ್ತಿತ್ತು. ಕಾಣಲಿಲ್ಲ. ಪಾಪಿ, ಅದನ್ನೂ ನನಗೆ ಕೊಡಲಿಲ್ಲ.

ಯುದ್ಧ ಮುಗಿಯಿತು, ಪೆಟ್ರೋಲು ಬಂತು, ಲಾರಿಯಿಂದ ಇದ್ದಿಲಿನ ಡಬ್ಬ ಬಿಚ್ಚಿದರು. ನಾನು ಡಿಪೋಗೆ ವಾಪಸು ಬಂದು ದಿಮ್ಮಿಯ ಹಿಂದಿನ ತುದಿಗೆ ಹೆಗಲು ಕೊಟ್ಟೆ. ಮುಂದೆ ಮರಿಯಯ್ಯನ ಬೆನ್ನು. ಅಲ್ಲಿಯ ತನಕ ನಾನು ಗಮನಿಸದೇ ಇದ್ದ ಒಂದು ಸಂಗತಿ ಆಗ ಕಣ್ಣಿಗೆ ಬಿತ್ತು. ಕಾಫಿಯ ಹೊತ್ತಿಗೆ ನಾವೆಲ್ಲ ಹೋಟೆಲಿನ ಕಡೆ ಹೋದರೆ ಅವನು ಮಾತ್ರ ಡಿಪೋದ ನೆರಳಿನಲ್ಲಿ ಕೂತು, ಮನೆಯಿಂದ ತಂದ ಮಜ್ಜಿಗೆ ಕುಡಿಯುತ್ತಿದ್ದ. ಎಂದಿನಿಂದ ಹೀಗೆ ಎಂದು ಸಣ್ಣಬೀರಯ್ಯನನ್ನು ಕೇಳಿದೆ. ನೀವಿಬ್ಬರೂ ಒಟ್ಟಿಗೆ ಬೆಂಗಳೂರಿಗೆ ಹೋಗಿ ಬಂದಿರಲ್ಲ, ಆ ವಾರದಿಂದ ಎಂದ.

ಆ ಬೆಂಚಿನ ಮೇಲೆ ಅವನು ಕೂತದ್ದು ಒಂದೇ ಒಂದು ದಿನ. ನಾನು ಲೆಕ್ಕವಿಲ್ಲದಷ್ಟು ಸಲ ಕೂತೆ. ಪ್ರತಿ ವಾರ ಬೆಂಗಳೂರಿನಲ್ಲಿ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ತಿಂದು ಬಂದು, ಗುರುವಾರ ಬೆಳಿಗ್ಗೆ ಇಲ್ಲಿ ಚರಂಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಲೋಟ ಎತ್ತಿದವನು ನಾನು. ಅದೇನು ಕಾಣಿಸಿತು ಅವನಿಗೆ ತಟ್ಟೆಗಳೆಲ್ಲ ಬೆರೆತಿದ್ದ ಆ ತೊಟ್ಟಿಯಲ್ಲಿ, ನನಗೆ ಕಾಣಿಸದೆ ಇದ್ದದ್ದು?

ಅವತ್ತು ನನ್ನ ಲೋಟಕ್ಕೆ ಹೋಟೆಲಿನ ಗೂಡಿನೊಳಗೆ ಕೈ ಹಾಕಿದೆ. ಪಕ್ಕದಲ್ಲಿ ಅಂಚು ನೆಗ್ಗಿದ ಅವನ ಲೋಟ ಬೋರಲಾಗಿ ಇತ್ತು. ಅದರ ಸುತ್ತ ಜೇಡ ಬಲೆ ಕಟ್ಟಿತ್ತು. ನನ್ನದು ಹಿಂದಿನ ದಿನ ತೊಳೆದಿಟ್ಟ ನೀರಿನಿಂದ ಇನ್ನೂ ಒದ್ದೆಯಾಗಿತ್ತು.